ಚುಕ್ಕಿ ಲೆಕ್ಕ ಕೊಡ್ತೀರಿ, ಇಂಚಿನ ಲೆಕ್ಕ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ಹಬ್ಬಕ್ಕೆ ಮುಂಚೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಊಟದ ಟೇಬಲ್ ಅಲಂಕಾರದ ಬಗ್ಗೆ ಒಂದು ಬರಹ ಬಂದಿತ್ತು. ಶರತ್ಕಾಲದ ಟೇಬಲ್ ಅಂತ ಏನೋ ತಲೆಬರಹ. ಅರ್ಧ ಪುಟದ ಫೋಟೋ. ಟೇಬಲ್ ಉದ್ದಕ್ಕೂ ಹಾಸಿದ ಒಂದು ದಪ್ಪ ಬಟ್ಟೆ ಪಟ್ಟಿ, ಅದರ ಮೇಲೆ ಕೆಂಪು, ಕಿತ್ತಳೆ, ಕಂದು ಬಣ್ಣದ ಮೇಪಲ್ ಎಲೆಗಳು, ಪಕ್ಕದಲ್ಲಿ ಮುದ್ದಾದ ಒಂದು ಸಿಹಿಗುಂಬಳ. ಕೆಳಗೆ ನಾಲ್ಕೇ ಸಾಲಿನಲ್ಲಿ ಮಾಡುವ ವಿಧಾನ. ಎರಡೂವರೆ ಇಂಚಿನ ಚೌಕ ಕತ್ತರಿಸಿ, ಉದ್ದಕ್ಕೆ 24, ಅಗಲಕ್ಕೆ 6 ಜೋಡಿಸಿ ಹೊಲಿಯಿರಿ, 60 ಇಂಚಿನ ಟೇಬಲ್ ರನ್ನರ್ ರೆಡಿ ಅಂತ.

ರೆಡಿ ಆಗಲಿಲ್ಲ. 37 ಇಂಚಿಗೆ ನಿಂತಿತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಮಶೀನು ನನಗೆ ಹೊಸದಲ್ಲ. ಜೋಡಣೆಗೆ ಅರ್ಧ ಇಂಚು ಒಳಗೆ ಬಿಡುವುದು ಕೈಗೇ ಅಭ್ಯಾಸವಾಗಿಬಿಟ್ಟಿದೆ, ಯೋಚನೆ ಮಾಡುವುದೇ ಇಲ್ಲ. ಎರಡೂವರೆ ಇಂಚಿನ ಚೌಕದಲ್ಲಿ ಆ ಕಡೆ ಅರ್ಧ, ಈ ಕಡೆ ಅರ್ಧ ಒಳಗೆ ಹೋದರೆ ಕಾಣುವುದು ಒಂದೂವರೆ ಇಂಚು ಮಾತ್ರ. ಅಂಥ 24 ಸೇರಿದರೆ 36, ಎರಡು ತುದಿಯಲ್ಲಿ ಉಳಿದ ಅರ್ಧರ್ಧ ಸೇರಿ 37. ಅದೇ ವಾರ ಅರಸೀಕೆರೆಯಲ್ಲಿರುವ ನನ್ನ ನಾದಿನಿಯೂ ಇದನ್ನೇ ನೋಡಿ ಹೊಲಿದಿದ್ದಾಳೆ. ಅವಳು ಫೋನಿನಲ್ಲಿ ವಿಡಿಯೋ ನೋಡುವವಳು, ಹಾಗಾಗಿ ಕಾಲು ಇಂಚು ಬಿಟ್ಟಿದ್ದಾಳೆ. ರಾತ್ರಿ ಫೋನ್ ಮಾಡಿ, "ಅತ್ತಿಗೆ, ನಂದು ಹನ್ನೊಂದೂವರೆ ಇಂಚು ಸಾಲ್ತಿಲ್ಲ, ಎಲ್ಲಿ ತಪ್ಪು ಮಾಡಿದೆ ಅಂತ ಗೊತ್ತಾಗ್ತಿಲ್ಲ" ಅಂದಳು. "ನಂದು ಇಪ್ಪತ್ಮೂರು ಇಂಚು ಸಾಲ್ತಿಲ್ಲ ಕಣಮ್ಮ, ನೀನೇ ವಾಸಿ" ಅಂದೆ. ಒಂದೇ ಬರಹ, ಎರಡು ಮನೆ, ಎರಡು ಅಳತೆ, ಎರಡೂ 60 ಅಲ್ಲ.

ತಪ್ಪು ನಮ್ಮದಲ್ಲ ಅಂತ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. 24ನ್ನು ಎರಡೂವರೆಯಿಂದ ಗುಣಿಸಿದರೆ 60 ಆಗುತ್ತದೆ, ನಿಜ. ಆದರೆ ಬಟ್ಟೆಯನ್ನು ಯಾರೂ ಅಂಚಿಗೆ ಅಂಚು ಅಂಟಿಸುವುದಿಲ್ಲವಲ್ಲ. ಕ್ವಿಲ್ಟ್, ಅಂದರೆ ತುಂಡು ಬಟ್ಟೆ ಜೋಡಿಸಿ ಪದರ ಪದರವಾಗಿ ಮಾಡುವ ಹೊದಿಕೆ, ಹೊಲಿಯುವವರು ಎಲ್ಲ ಕಡೆಯೂ ಬಿಡುವುದು ಕಾಲು ಇಂಚು, ನಮ್ಮ ಬಡಗಿಗಳ ಮಾತಿನಲ್ಲಿ ಎರಡು ನೂಲು. ಹಾಗೆ ಬಿಟ್ಟರೆ ಎರಡೂವರೆ ಇಂಚಿನ ಚೌಕ ಎರಡು ಇಂಚಾಗುತ್ತದೆ, ಆಗ 60 ಇಂಚಿಗೆ ಬೇಕಾಗುವುದು 30 ಚೌಕ. ಇಷ್ಟನ್ನು ಒಂದು ಸಾಲಿನಲ್ಲಿ ಹಾಕಬಹುದಿತ್ತು ಅಲ್ವಾ.

ನಿಮ್ಮ ಪತ್ರಿಕೆಯಲ್ಲಿ ರಂಗೋಲಿ ಹಾಕುವಾಗ ನೀವು ಹೀಗೆ ಮಾಡುವುದಿಲ್ಲ. 15ರಿಂದ 8, ಸಂದು ಚುಕ್ಕಿ ಅಂತ ಸ್ಪಷ್ಟವಾಗಿ ಬರೆದಿರುತ್ತೀರಿ. ಅಷ್ಟು ಓದಿದರೆ ಸಾಕು, ನಡುವಿನ ಸಾಲಿಗೆ 15 ಇಟ್ಟು ಮೇಲೂ ಕೆಳಗೂ ಒಂದೊಂದೇ ಕಡಿಮೆ ಮಾಡುತ್ತಾ 8ಕ್ಕೆ ನಿಲ್ಲಿಸಬೇಕು ಅಂತ ನಮ್ಮ ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗಿಗೂ ಗೊತ್ತು. ಬೆಳಗಿನ ಐದೂವರೆಗೆ ಅರ್ಧ ನಿದ್ದೆಯಲ್ಲಿ ಹಾಕಿದರೂ ತಪ್ಪುವುದಿಲ್ಲ. ರಂಗೋಲಿ ತಪ್ಪಿದರೆ ಅಳಿಸಿ ಮತ್ತೆ ಹಾಕಬಹುದು, ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಹಾಗಿರುವಾಗ ಹೊಲಿಗೆಗೆ ಮಾತ್ರ ಬರೀ ಫೋಟೋ ಯಾಕೆ? ಅಡುಗೆ ಬರಹಕ್ಕೆ ಅಳತೆ ಇಲ್ಲದಿದ್ದರೆ ನಡೆಯುತ್ತದೆ, ಉಪ್ಪು ರುಚಿಗೆ ತಕ್ಕಷ್ಟು. ಬಟ್ಟೆಗೆ ರುಚಿಗೆ ತಕ್ಕಷ್ಟು ಅಂತ ಇಲ್ಲ.

ಇನ್ನು ಆ ಎಲೆಯ ವಿಷಯ. ಶರತ್ಕಾಲ ಅಂದರೆ ಎಲೆ ಕೆಂಪಾಗಿ ಉದುರುವ ಕಾಲ ಅಂತ ಬರೆದಿದ್ದೀರಿ. ಅದು ಅಮೆರಿಕದ ಶರತ್ಕಾಲ. ನನ್ನ ಮಗಳು ಅಲ್ಲಿದ್ದಾಳೆ, ಸೆಪ್ಟೆಂಬರ್ ಕೊನೆ ಬಂತೆಂದರೆ ದಿನಾ ಒಂದು ಮರದ ಫೋಟೋ ಕಳಿಸುತ್ತಾಳೆ. ಅಲ್ಲಿ ಹಗಲು ಚಿಕ್ಕದಾಗಿ ಚಳಿ ಶುರುವಾದ ಕೂಡಲೇ ಎಲೆಯಲ್ಲಿನ ಹಸಿರು ಒಡೆದುಹೋಗಿ ಒಳಗೇ ಇದ್ದ ಹಳದಿ ಹೊರಗೆ ಕಾಣುತ್ತದಂತೆ, ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವ ಬಣ್ಣವಂತೆ. ಅಕ್ಟೋಬರ್ 31ಕ್ಕೆ ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆಯುತ್ತಾರೆ, ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ಮನೆಮಂದಿಯೆಲ್ಲ ಸೇರಿ ಊಟ ಮಾಡುತ್ತಾರೆ. ಆ ಎರಡು ತಿಂಗಳು ಟೇಬಲ್ ಮೇಲೆ ಈ ಹೊಲಿದ ಎಲೆ, ಕುಂಬಳಕಾಯಿ ಎಲ್ಲ ಇರುತ್ತದೆ. ಅಲ್ಲಿಗೆ ಅದು ಚೆನ್ನ.

ನಮ್ಮ ಆಶ್ವಯುಜ, ಕಾರ್ತೀಕದಲ್ಲಿ ಹಾಸನದಲ್ಲಿ ಯಾವ ಮರ ಬೋಳಾಗಿದೆ ಹೇಳಿ. ಮಳೆ ಆಗಷ್ಟೇ ಬಿಟ್ಟಿರುತ್ತದೆ, ಎಲ್ಲಿ ನೋಡಿದರೂ ಹಸಿರು. ಹೊಲದಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ, ರಾಗಿ ತೆನೆ ಕಂದಾಗುತ್ತಿರುತ್ತದೆ, ಪೇಟೆಯಲ್ಲಿ ಚೆಂಡು ಹೂವಿನ ರಾಶಿ, ಇನ್ನು ಸ್ವಲ್ಪ ದಿನಕ್ಕೆ ಸಕಲೇಶಪುರದ ಕಡೆ ಕಾಫಿ ಹಣ್ಣು ಕೆಂಪಾಗುತ್ತದೆ. ಎಲೆ ಉದುರುವುದು ಆಮೇಲೆ, ಚಳಿಗಾಲ ಮುಗಿಯುವ ಹೊತ್ತಿಗೆ. ಕುಂಬಳಕಾಯಿಯೂ ನಮ್ಮಲ್ಲಿ ಟೇಬಲ್ ಮೇಲೆ ಕೂರುವುದಿಲ್ಲ, ಆಯುಧಪೂಜೆಗೆ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆಯುತ್ತೇವೆ, ಸಂಜೆಗೆ ಅದರ ಮೇಲೆ ಸ್ಕೂಟರ್ ಜಾರಿ ಯಾರೋ ಬೀಳುತ್ತಾರೆ. (ಅದನ್ನು ಬದಿಗೆ ಸರಿಸಿ ಅಂತ ನೀವು ಪ್ರತಿ ವರ್ಷ ಬರೆಯುತ್ತೀರಿ, ಯಾರೂ ಕೇಳುವುದಿಲ್ಲ, ಆದರೂ ಬರೆಯುತ್ತಿರಿ.)

ನಾನೇನೂ ಪರದೇಶದ್ದು ಬೇಡ ಅನ್ನುವವಳಲ್ಲ. ಹಾಸನದ ಹೆಸರು ಹೇಳುವ ಆಲೂಗಡ್ಡೆಯೇ ದಕ್ಷಿಣ ಅಮೆರಿಕದ್ದು, ನಮ್ಮ ಸಿಹಿಗುಂಬಳವೂ ಅಮೆರಿಕ ಖಂಡಗಳ ಕಡೆಯಿಂದ ಬಂದದ್ದೇ. ನನ್ನ ತಕರಾರು ಬೇರೆ. ಮೇಪಲ್ ಎಲೆ ಹೊಲಿಯಲು ಬಲು ಕಷ್ಟ. ಕೆನಡಾದ ಬಾವುಟ ನೋಡಿ, ಆ ಎಲೆಗೆ 11 ಮೊನೆ. ಎರಡು ಮೊನೆಗಳ ನಡುವೆ ಒಂದೊಂದು ಸಂದು. ಬಟ್ಟೆಯ ಅಂಚನ್ನು ಒಳಗೆ ಮಡಚಿ ಹೊಲಿಯಬೇಕಾದರೆ ಪ್ರತಿ ಸಂದಿನಲ್ಲೂ ಕತ್ತರಿ ತುದಿಯಿಂದ ಕಚ್ಚು ಕೊಡಬೇಕು. ಸ್ವಲ್ಪ ಕಮ್ಮಿ ಕೊಟ್ಟರೆ ಸುಕ್ಕು, ಒಂದು ಎಳೆ ಜಾಸ್ತಿ ಕೊಟ್ಟರೆ ಹೊಲಿಗೆ ಬಿಟ್ಟುಕೊಂಡು ದಾರ ಹೊರಗೆ ಬರುತ್ತದೆ. ಮೊದಲ ಸಲ ಹೊಲಿಯುವವರಿಗೆ ಇದನ್ನು ಕೊಟ್ಟರೆ ಎರಡನೇ ಎಲೆಗೇ ಕತ್ತರಿ ಕೆಳಗಿಟ್ಟು ಟಿವಿ ಹಾಕುತ್ತಾರೆ. ನಾನೇ ಮೂರು ಎಲೆ ಹಾಳು ಮಾಡಿದೆ.

ಆಮೇಲೆ ನೆನಪಾದದ್ದು ಬಾದಾಮಿ ಮರ. ತಿನ್ನುವ ಬಾದಾಮಿ ಅಲ್ಲ, ಸ್ಕೂಲಿನ ಮುಂದೆ, ರಸ್ತೆ ಬದಿಯಲ್ಲಿ ಕೊಡೆ ಹಾಗೆ ಮಟ್ಟ ಮಟ್ಟವಾಗಿ ಹರಡಿಕೊಂಡಿರುತ್ತದಲ್ಲ, ಕಾಡು ಬಾದಾಮಿ, ಅದು. ಅದರ ಎಲೆ ಬೀಳುವ ಮುಂಚೆ ಎಷ್ಟು ಕೆಂಪಾಗುತ್ತದೆ ಗೊತ್ತಾ? ನಡುವಿನ ನರ ಮಾತ್ರ ಹಳದಿ ಉಳಿದು, ಒಂದು ಬದಿ ಕುಂಕುಮ, ಇನ್ನೊಂದು ಬದಿ ಇನ್ನೂ ಅರ್ಧ ಹಸಿರು. ಪೂರ್ತಿ ಉದುರುವುದು ಚಳಿಗಾಲದ ಕೊನೆಗೆ, ಆದರೆ ಯಾವಾಗ ನೋಡಿದರೂ ನೆಲದ ಮೇಲೆ ಒಂದೆರಡು ಕೆಂಪೆಲೆ ಇದ್ದೇ ಇರುತ್ತವೆ. ನಾಲ್ಕು ಎಲೆ ಆರಿಸಿಕೊಂಡು ಬಂದು, ನಿಮ್ಮ ಪತ್ರಿಕೆಯ ಮೇಲೇ ಇಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದೆ. ಒಂದು ಸಂದೂ ಇಲ್ಲ, ಒಂದೇ ಬಾಗು, ತೊಟ್ಟಿನ ಕಡೆ ಸಣ್ಣ, ತುದಿಯ ಕಡೆ ಅಗಲ. ಹೊಲಿಗೆ ಕಲಿಯುವವರಿಗೆ ಹೇಳಿ ಮಾಡಿಸಿದ ಎಲೆ.

ಅಂಚು ಮಡಚುವುದಕ್ಕೂ ಸುಲಭದ ದಾರಿ ಇದೆ, ಬ್ಲೌಸಿನ ಕುತ್ತಿಗೆ ಪಟ್ಟಿ ತಿರುಗಿಸುವವರಿಗೆ ಹೇಳುವುದೇ ಬೇಡ. ಕಾಲರ್ ಒಳಗೆ ಹಾಕುವ, ಇಸ್ತ್ರಿಗೆ ಅಂಟುವ ಪೇಸ್ಟಿಂಗ್ ಕ್ಯಾನ್ವಾಸ್ ಸಿಗುತ್ತದಲ್ಲ, ಅದರಲ್ಲಿ ತೆಳುವಾದದ್ದು ತನ್ನಿ. ಅದರ ಅಂಟಿನ ಮೈ ಮತ್ತು ಎಲೆಯ ಬಟ್ಟೆಯ ಮೇಲ್ಮೈ ಎದುರುಬದುರು ಇಟ್ಟು, ಕ್ಯಾನ್ವಾಸಿನ ಮೇಲೆ ಎಳೆದುಕೊಂಡ ಎಲೆಯ ಗೆರೆಯ ಮೇಲೆ ಪೂರ್ತಿ ಸುತ್ತು ಹೊಲಿಯಿರಿ. ಎರಡು ನೂಲು ಬಿಟ್ಟು ಕತ್ತರಿಸಿ. ಈಗ ಕ್ಯಾನ್ವಾಸಿನ ನಡುವೆ ಮಾತ್ರ, ಬಟ್ಟೆಗೆ ತಾಗದ ಹಾಗೆ, ಒಂದು ಸೀಳು ಕೊಟ್ಟು ಆ ಸೀಳಿನಿಂದ ಎಲೆಯನ್ನು ತಿರುಗಿಸಿ ಹೊರಗೆ ಎಳೆಯಿರಿ. ಅಂಚೆಲ್ಲ ಒಳಗೆ ಹೋಗಿರುತ್ತದೆ, ಅಂಟು ಹಿಂದುಗಡೆ ಬಂದಿರುತ್ತದೆ. ಬೇಕಾದ ಕಡೆ ಇಟ್ಟು ಇಸ್ತ್ರಿ ಒತ್ತಿದರೆ ಕೂತುಬಿಡುತ್ತದೆ, ಸುತ್ತ ಒಂದು ಹೊಲಿಗೆ ಹಾಕಿದರೆ ಮುಗಿಯಿತು. ಜಾಗ ಗೊತ್ತು ಮಾಡುವ ಮುಂಚೆ ಇಸ್ತ್ರಿ ಮಾಡಬೇಡಿ, ಇಸ್ತ್ರಿ ಟೇಬಲ್‌ಗೇ ಅಂಟಿಕೊಳ್ಳುತ್ತದೆ. ಇದು ಕೂಡ ಸ್ವಂತ ಅನುಭವ.

ಬಟ್ಟೆಗೆ ಅಂಗಡಿಗೆ ಹೋಗಬೇಡಿ. ನಮ್ಮ ಕಡೆ ಯಾರ ಮನೆಯ ಬೀರು ತೆಗೆದರೂ ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣ ಇಪ್ಪತ್ತಾದರೂ ಇರುತ್ತವೆ. ಯಾರೂ ಹೊಲಿಸುವುದಿಲ್ಲ, ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ನಾನು ಗೌರಿ ಹಬ್ಬಕ್ಕೆ ಕೊಟ್ಟಿದ್ದ ಒಂದು ಮೆರೂನ್ ಕಣ ಎರಡು ವರ್ಷ ಊರು ಸುತ್ತಿ ನನಗೇ ವಾಪಸ್ ಬಂತು, ಮೂಲೆಯಲ್ಲಿದ್ದ ಇಂಕಿನ ಕಲೆಯಿಂದ ಗುರುತು ಸಿಕ್ಕಿತು. ಅರಿಶಿನ, ಕೆಂಪು, ಮೆರೂನ್, ಗಿಣಿ ಹಸಿರು, ಎಲೆಗೆ ಬೇಕಾದ ಬಣ್ಣ ಎಲ್ಲ ಅಲ್ಲೇ ಇವೆ. ಕಡ್ಡಿಗೆ ನಮ್ಮೆಜಮಾನರು ಬಸ್ ಡಿಪೋದಲ್ಲಿದ್ದಾಗಿನ ಖಾಕಿ ಪ್ಯಾಂಟು ಕತ್ತರಿಸಿದೆ. ಕೇಳದೇ ಕತ್ತರಿಸಿದೆ ಅನ್ನುವುದು ಬೇರೆ ಮಾತು. ಹಿಂಬದಿಗೆ ಹಳೆ ಪಂಚೆ.

ಆದರೆ ಕಣ ಎಲ್ಲ ಹತ್ತಿ ಅಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ, ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ, ಕರಗಿ ತುದಿಯಲ್ಲಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್. ಮಣಿ ಆದದ್ದನ್ನು ಬದಿಗಿಡಿ. ಹತ್ತಿಯದ್ದನ್ನು ಹೊಲಿಯುವ ಮುಂಚೆ ಒಂದೊಂದಾಗಿ ಒಗೆಯಲೇಬೇಕು. ಮೊದಲ ರನ್ನರಿನಲ್ಲಿ ಸೋಮಾರಿತನ ಮಾಡಿ ನಾನು ಒಗೆಯಲಿಲ್ಲ. ಮುಗಿದ ಮೇಲೆ ಬಕೆಟ್ಟಿಗೆ ಹಾಕಿದರೆ ನೀರು ಬೀಟ್‌ರೂಟ್ ಬೇಯಿಸಿದ ಹಾಗೆ ಆಯಿತು, ಬಿಳಿ ಪಂಚೆ ಗುಲಾಬಿ, ಅದರ ಜೊತೆ ಮೆರೂನ್ ಮಾತ್ರ ಒಂದಿಷ್ಟು ಕುಗ್ಗಿ ಎಲೆಯ ಸುತ್ತ ಸುಕ್ಕು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ಒಂದು ಹಿಡಿ ಹಾಕಿದೆ, ನಿಲ್ಲಲಿಲ್ಲ. ಈಗ ಮೊದಲೇ ಒಗೆದು, ಅನ್ನದ ಗಂಜಿಯಲ್ಲಿ ಅದ್ದಿ, ಅರೆ ಒದ್ದೆ ಇರುವಾಗಲೇ ಇಸ್ತ್ರಿ ಮಾಡುತ್ತೇನೆ. ಗಂಜಿ ಹಾಕಿದ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ, ಸಣ್ಣ ತುಂಡು ಕತ್ತರಿಸುವಾಗ ಅತ್ತಿತ್ತ ಓಡುವುದಿಲ್ಲ.

ಒಳಗೆ ಹಾಕುವ ಪದರದ ಬಗ್ಗೆ ನಿಮ್ಮ ಬರಹದಲ್ಲಿ ಬ್ಯಾಟಿಂಗ್ ಅಂತ ಇತ್ತು. ನಮ್ಮೆಜಮಾನರು ಕ್ರಿಕೆಟ್ ಅಂದುಕೊಂಡರು. ಹಾಸನದಲ್ಲಿ ಕೇಳಿದರೆ ಟೈಲರಿಂಗ್ ಸಾಮಾನಿನ ಅಂಗಡಿಯವರು ಪಾಲಿಯೆಸ್ಟರಿನ ಹಗುರ ಶೀಟ್ ಕೊಡುತ್ತಾರೆ. ನೋಡಲು ಚೆನ್ನಾಗಿ ಉಬ್ಬುತ್ತದೆ, ಆದರೆ ಅದರ ಮೇಲೆ ಒಲೆಯಿಂದ ಇಳಿಸಿದ ಬಾಣಲೆ ಇಡಬೇಡಿ, ಕರಗುತ್ತದೆ. ಊಟದ ಟೇಬಲ್ ಅಂದಮೇಲೆ ಯಾರಾದರೂ ಒಬ್ಬರು ಇಟ್ಟೇ ಇಡುತ್ತಾರೆ. ನಾನು ಹಾಕಿದ್ದು ಹಳೆಯ ಟರ್ಕಿ ಟವೆಲ್. ಬಿಡಿ ಹತ್ತಿಯೂ ಆಗುತ್ತದೆ, ಆದರೆ ಹೊಲಿಗೆ ಸಾಲುಗಳು ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಎರಡು ಸಲ ಒಗೆಯುವುದರೊಳಗೆ ಹತ್ತಿ ಗಂಟುಕಟ್ಟಿ ಮೂಲೆ ಸೇರುತ್ತದೆ.

ಮೂರು ಪದರ ಮಶೀನಿಗೆ ಕೊಟ್ಟರೆ ಮೇಲಿನದು ಹಿಂದೆ ಉಳಿದು ಕೆಳಗಿನದು ಮುಂದೆ ಹೋಗುತ್ತದೆ. ಅದಕ್ಕೆ ಅಮೆರಿಕದಲ್ಲಿ ಬೇರೆಯೇ ಒಂದು ಫುಟ್, ಅಂದರೆ ಸೂಜಿಯ ಹತ್ತಿರ ಬಟ್ಟೆ ಒತ್ತಿ ಹಿಡಿಯುವ ಪಾದ, ಸಿಗುತ್ತದೆ, ಮೇಲಿನ ಕೆಳಗಿನ ಪದರವನ್ನು ಒಟ್ಟಿಗೆ ಎಳೆಯುವಂಥದ್ದು. ನನ್ನದು ಹಳೆಯ ಕಾಲು ಮಶೀನು. 16ನೇ ನಂಬರ್ ಸೂಜಿ ಹಾಕಿ, ಪ್ರೆಷರ್ ಫುಟ್ಟಿನ ಮೇಲಿನ ತಿರುಪು ಎರಡು ಸುತ್ತು ಸಡಿಲ ಮಾಡಿ, ಅಂಗೈ ಅಗಲಕ್ಕೊಂದು ಪಿನ್ನು ಚುಚ್ಚಿ, ನಡುವಿನಿಂದ ಹೊರಗೆ ಹೊಲಿಯುತ್ತಾ ಬಂದೆ. ಆದರೂ ಒಂದು ಕಡೆ ಎಳೆಯಿತು.

ಬಿಚ್ಚುತ್ತಾ ಜಗಲಿಯ ಮೇಲೆ ಕೂತಿದ್ದಾಗ ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಧಾರವಾಡದ ಕಡೆಯ ಹೆಣ್ಣುಮಗಳು ನೋಡಿದಳು. ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ, "ಅಕ್ಕಾರ, ಇದು ನಮ್ಮ ಕೌದಿ ಮರಿ ಐತ್ರೀ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ನಿಜ ಅಲ್ವಾ, ಹಳೆ ಬಟ್ಟೆ ತುಂಡು, ಮೂರು ಪದರ, ಮೇಲೆ ದಾರ. ಹಾಸಿಗೆಯಷ್ಟು ದೊಡ್ಡದಾದರೆ ಕೌದಿ, ಟೇಬಲ್ ಅಗಲಕ್ಕೆ ಇಳಿದರೆ ರನ್ನರ್. ಅವಳು ಮಶೀನು ಮುಟ್ಟಲೇ ಇಲ್ಲ. ಸೂಜಿ ತಗೊಂಡು, ದಾರ ಎರಡೆಳೆ ಮಾಡಿ, ಅಂಚಿನಿಂದ ಶುರು ಮಾಡಿದಳು. ಒಂದು ಸುತ್ತು ಮುಗಿದರೆ ಬೆರಳಗಲ ಬಿಟ್ಟು ಇನ್ನೊಂದು ಸುತ್ತು, ಹಾಗೇ ನಡುವಿಗೆ ಬಂದಳು. ಎಡಗೈ ಬಟ್ಟೆಯ ಕೆಳಗೆ, ಸೂಜಿ ತುದಿ ತಾಗಿದ ತಕ್ಷಣ ಬೆರಳು ಹಿಂದೆ ಸರಿಯುತ್ತದೆ, ಒಂದು ಸಲಕ್ಕೆ ನಾಲ್ಕೈದು ಹೊಲಿಗೆ ಸೂಜಿಗೇ ಏರುತ್ತದೆ. ನಾನು ನಡುವಿನಿಂದ ಹೊರಗೆ ಹೋಗಬೇಕು ಅಂದೆ, ಅವಳು ಹೊರಗಿನಿಂದ ನಡುವಿಗೆ ಬಂದರೂ ಸುಕ್ಕಿಲ್ಲ. ಕೈ ಹೊಲಿಗೆಗೆ ಆ ನಿಯಮ ಬೇಡವೇನೋ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗೂ ಇದೇ ಕ್ರಮ, ಮತ್ತೆ ಅವರು ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಬಟ್ಟೆ ಇಡುತ್ತಾರೆ, ಫುಲಾ ಅಂತಾರೆ, ಅದಿಲ್ಲದಿದ್ದರೆ ಕೌದಿ ಪೂರ್ತಿ ಆಗಲಿಲ್ಲ ಅಂತ ಅವರ ಲೆಕ್ಕ. ನನ್ನ ರನ್ನರಿನ ನಾಲ್ಕು ಮೂಲೆಗೂ ಅದನ್ನು ಇಟ್ಟು ನೋಡಿದೆ. ಮೂಲೆ ಸ್ವಲ್ಪ ವಕ್ರ ಬಂದಿತ್ತು, ಮುಚ್ಚಿಹೋಯಿತು!

ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಬಲಿಪಾಡ್ಯಮಿ ಮುಗಿಯುವವರೆಗೆ ಹಾಸನದಲ್ಲಿ ಮನೆ ಇದ್ದವರ ಮನೆಗೆ ನೆಂಟರು ತಪ್ಪುವುದಿಲ್ಲ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕಾಲು ಊದಿಸಿಕೊಂಡು ಬಂದು ಮೊದಲು ಕೂರುವುದೇ ಊಟದ ಟೇಬಲ್ ಮುಂದೆ. ಈ ಸಲ ಮಾತ್ರೆ ಡಬ್ಬಿ, ಕರೆಂಟ್ ಬಿಲ್ಲು, ಹಳೆ ಪೇಪರ್ ಎಲ್ಲ ತೆಗೆದು ಎರಡನೇ ರನ್ನರ್ ಹಾಸಿದ್ದೆ, 30 ಚೌಕದ್ದು, ಸರಿಯಾಗಿ 60 ಇಂಚು. ಬಾದಾಮಿ ಎಲೆ ಅಂತ ಒಬ್ಬರೂ ಗುರುತು ಹಿಡಿಯಲಿಲ್ಲ, ವೀಳ್ಯದೆಲೆ ಇಷ್ಟು ಕೆಂಪಾ ಅಂತ ನಮ್ಮ ದೊಡ್ಡಮ್ಮ ಕೇಳಿದರು. ಮೊದಲ ಪಂಕ್ತಿಗೇ ಸಾರು ಬಿತ್ತು. ಅರಿಶಿನದ ಕಲೆಗೆ ಸೋಪು ತಾಗಿದ ಕೂಡಲೇ ಅದು ಕೆಂಪಾಗುತ್ತದೆ, ಗಾಬರಿ ಬೇಡ, ಚೆನ್ನಾಗಿ ಜಾಲಾಡಿ ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ತಿಂದುಹಾಕುತ್ತದೆ.

ನಾದಿನಿ ಈಗ ಅಂಚಿಗೆ ಹಳೇಬೀಡಿನ ಬಳ್ಳಿ ಹೊಲಿಯುತ್ತೇನೆ ಅಂತ ಕೂತಿದ್ದಾಳೆ. ದೇವಸ್ಥಾನದ ಗೋಡೆಯಲ್ಲಿ ಕೆಳಗಿನಿಂದ ಆನೆ ಸಾಲು, ಸಿಂಹದ ಸಾಲು, ಅದರ ಮೇಲೆ ಬಳ್ಳಿ ಸಾಲು ಇದೆಯಲ್ಲ, ಅದು. ಆಗುತ್ತದೋ ಇಲ್ಲವೋ, ನೋಡೋಣ.

ಸರಿ, ನಾನು ಕೇಳುವುದು ಇಷ್ಟೇ. ಹೊಲಿಗೆಯ ಬರಹ ಹಾಕುವಾಗ ಫೋಟೋ ಚಿಕ್ಕದು ಮಾಡಿ, ನಕ್ಷೆಗೆ ಜಾಗ ಕೊಡಿ. ಕತ್ತರಿಸುವ ಅಳತೆ ಯಾವುದು, ಹೊಲಿದ ಮೇಲೆ ಉಳಿಯುವ ಅಳತೆ ಯಾವುದು, ಒಳಗೆ ಎಷ್ಟು ಬಿಡಬೇಕು, ಮೂರನ್ನೂ ಬೇರೆ ಬೇರೆ ಬರೆಸಿ. ಬರೆದವರು ಒಂದು ಸಲ ತಾವೇ ಹೊಲಿದು ಟೇಪು ಹಿಡಿದು ನೋಡಿದ್ದಾರಾ ಅಂತ ಕೇಳಿ, ಸಾಕು. ಈ ಪತ್ರದ ಜೊತೆ ನಾನು ಬಾದಾಮಿ ಎಲೆಯ ನಕ್ಷೆ ಇಟ್ಟಿದ್ದೇನೆ, ಏಳು ಇಂಚಿನದು ಒಂದು, ಐದು ಇಂಚಿನದು ಒಂದು. ಹಾಕುವುದಾದರೆ ಪುಟಕ್ಕೆ ಹೊಂದಿಸಲು ಚಿಕ್ಕದು ಮಾಡಬೇಡಿ. ಮಾಡಲೇಬೇಕು ಅಂತಾದರೆ ನಕ್ಷೆಯ ಪಕ್ಕದಲ್ಲಿ ನಾನು ಎಳೆದಿರುವ ಒಂದು ಇಂಚಿನ ಸಣ್ಣ ಗೆರೆಯನ್ನೂ ಅದರ ಜೊತೆಗೇ ಚಿಕ್ಕದು ಮಾಡಿ, ಅಳಿಸಬೇಡಿ, ಟೇಪು ಇಟ್ಟು ನೋಡಿದವರಿಗೆ ಎಷ್ಟು ಕುಗ್ಗಿದೆ ಅಂತ ಗೊತ್ತಾಗುತ್ತದೆ.

ಆ 37 ಇಂಚಿನದ್ದು ಟಿವಿ ಸ್ಟ್ಯಾಂಡ್ ಮೇಲಿದೆ. ಅಲ್ಲಿಗೆ ಅಳತೆ ಸರಿಯಾಗಿದೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು, ಹಾಸನ